ಸಮುದ್ರದ ಸೂಕ್ಷ್ಮಜೀವಿಗಳ ಪ್ರೋಟೀನ್ ಓದಲು ಹೊರಟಿದ್ದೀರಾ? ಯಾರನ್ನು ಯಾರ ಜೊತೆ ಹೋಲಿಸಬೇಕು ಅನ್ನುವುದರಿಂದ ಶುರುಮಾಡಿ

ಮೇ ತಿಂಗಳು ಬಂತೆಂದರೆ ಕಾರವಾರ, ಧಾರವಾಡ, ಬೆಳಗಾವಿ ಕಡೆಯ ಹುಡುಗ ಹುಡುಗಿಯರು ಪ್ರಾಜೆಕ್ಟ್ ಮಾಡಲು ಗೋವಾಕ್ಕೆ ಬರುತ್ತಾರೆ. ಡೋನಾ ಪೌಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ವಾಸ್ಕೋದಲ್ಲಿ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ವಾಸ್ಕೋದಲ್ಲಿ ಕನ್ನಡದವರಿಗೂ ಬರವಿಲ್ಲ. ಯಾರದೋ ಮಾವ, ಯಾರದೋ ಅತ್ತೆಯ ಮೂಲಕ ನನ್ನ ನಂಬರ್ ಅವರಿಗೆ ಸಿಗುತ್ತದೆ. ಭಾನುವಾರ ಸಂಜೆ ಚಹಾಕ್ಕೆ ಬರುತ್ತಾರೆ. ಕೂತ ತಕ್ಷಣ ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಯಾವ ಸಾಫ್ಟ್‌ವೇರ್ ಬಳಸಲಿ?"

ನಾನು ತಿರುಗಿ ಕೇಳುತ್ತೇನೆ: "ಹತ್ತಿರದ ನೆಂಟರನ್ನು ಹೋಲಿಸ್ತೀಯೋ, ದೂರದ ನೆಂಟರನ್ನೋ?"

ಸುಮ್ನೆ ಕಾಲೆಳೆಯಲು ಕೇಳುವುದಲ್ಲ ಇದು. ಒಂದು ಪ್ರೋಟೀನ್ ಹೇಗೆ ಬದಲಾಗುತ್ತ ಬಂತು ಎಂದು ತಿಳಿಯಲು ನಾವು ಬೇರೆ ಬೇರೆ ಜೀವಿಗಳ ಜೀನೋಮ್‌ಗಳನ್ನು, ಅಂದರೆ ಅವುಗಳ ಪೂರ್ತಿ ಡಿಎನ್‌ಎಯನ್ನು, ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಅಣ್ಣತಮ್ಮಂದಿರನ್ನು ನಿಲ್ಲಿಸಿದರೆ ಒಂದು ಕಥೆ ಸಿಗುತ್ತದೆ. ಹತ್ತು ತಲೆಮಾರಿನ ಹಿಂದೆ ಕವಲೊಡೆದವರನ್ನು ನಿಲ್ಲಿಸಿದರೆ ಬೇರೆಯದೇ ಕಥೆ. ತೀರಾ ಹತ್ತಿರವಾದರೆ ವ್ಯತ್ಯಾಸವೇ ಕಾಣುವುದಿಲ್ಲ. ತೀರಾ ದೂರವಾದರೆ ಬದಲಾವಣೆಯ ಮೇಲೆ ಬದಲಾವಣೆ ಬಿದ್ದು ಲೆಕ್ಕ ಕೆಡುತ್ತದೆ. ಸಾಫ್ಟ್‌ವೇರ್‌ಗೆ ಇದು ಗೊತ್ತಾಗುವುದಿಲ್ಲ. ಎರಡಕ್ಕೂ ಅದು ಅಷ್ಟೇ ಗಂಭೀರವಾಗಿ ಮೂರು ದಶಮಾಂಶದ ಉತ್ತರ ಕೊಡುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸಾಫ್ಟ್‌ವೇರ್ ಕೊನೆಗೆ ಬರುತ್ತದೆ.

ಮೊದಲು ಜೀವಿ

ಸಮುದ್ರದ ಒಂದು ಮಿಲಿಲೀಟರ್ ನೀರಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಅದರಲ್ಲಿ ಯಾರನ್ನು ಹಿಡಿಯುವುದು? ನನ್ನ ಮಟ್ಟಿಗೆ ಹೊಸಬರಿಗೆ ಮೂರೇ ಆಯ್ಕೆ: ಪ್ರೋಕ್ಲೋರೋಕಾಕಸ್, ಸಾರ್ 11, ವಿಬ್ರಿಯೋ. ಟ್ರೈಕೋಡೆಸ್ಮಿಯಂ ಬಗ್ಗೆಯೂ ಕೇಳುತ್ತಾರೆ. ಬೇಸಿಗೆಯಲ್ಲಿ ಅರಬ್ಬಿ ಸಮುದ್ರದ ಮೇಲೆ ಮರದ ಹೊಟ್ಟು ಚೆಲ್ಲಿದ ಹಾಗೆ ತೇಲುತ್ತದಲ್ಲ, ಅದೇ. ನೋಡಲು ಚಂದ. ಆದರೆ ಜೀನೋಮ್ 77 ಲಕ್ಷ ಬೇಸ್‌ಗಿಂತ (ಡಿಎನ್‌ಎಯ ಎ, ಟಿ, ಜಿ, ಸಿ ಅಕ್ಷರಗಳು) ಜಾಸ್ತಿ, ಅದರಲ್ಲಿ ಜೀನ್ ಇಲ್ಲದ ಜಾಗವೇ ಬೇಕಾದಷ್ಟು. ಮೊದಲ ಪ್ರಾಜೆಕ್ಟ್‌ಗೆ ಬೇಡ.

ಪ್ರೋಕ್ಲೋರೋಕಾಕಸ್ ನನ್ನ ಮೆಚ್ಚಿನದು. ಬಿಸಿಲಲ್ಲಿ ಅನ್ನ ಮಾಡಿಕೊಳ್ಳುವ ಜೀವಿಗಳಲ್ಲಿ ಇದಕ್ಕಿಂತ ಚಿಕ್ಕದು ಗೊತ್ತಿಲ್ಲ, ಅಗಲ ಅರ್ಧ ಮೈಕ್ರಾನ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಇಷ್ಟೊಂದು ಸಂಖ್ಯೆಯಲ್ಲಿ ಇದ್ದರೂ ಇದರ ಬಗ್ಗೆ ಮೊದಲ ವರದಿ ಬಂದದ್ದು 1988ರಲ್ಲಿ, ಸಾಲಿ ಚಿಶೋಮ್ ಮತ್ತು ಅವರ ಜೊತೆಗಾರರಿಂದ. ಹೋಲಿಕೆಗೆ ಇದು ಯಾಕೆ ಒಳ್ಳೆಯದು ಅಂದರೆ, ಇದರಲ್ಲಿ ಮನೆತನಗಳು ಸ್ಪಷ್ಟವಾಗಿ ಬೇರೆ ಬೇರೆ. ಮೇಲ್ಮೈಯಲ್ಲಿ ಜಾಸ್ತಿ ಬೆಳಕಲ್ಲಿ ಇರುವವು ಒಂದು ಕಡೆ, ಕೆಳಗೆ ಮಂದ ಬೆಳಕಲ್ಲಿ ಇರುವವು ಇನ್ನೊಂದು ಕಡೆ. 2003ರಲ್ಲಿ ಬಂದ ಎರಡು ಜೀನೋಮ್‌ಗಳನ್ನೇ ತಗೊಳ್ಳಿ. ಮೇಲ್ಮೈಯ ಮೆಡ್4 ಎಂಬ ತಳಿಗೆ 16.6 ಲಕ್ಷ ಬೇಸ್, ಸುಮಾರು 1,700 ಜೀನ್. ಆಳದ ಎಂಐಟಿ9313ಗೆ 24 ಲಕ್ಷ ಬೇಸ್, 2,200ಕ್ಕೂ ಜಾಸ್ತಿ ಜೀನ್. ಇಬ್ಬರಲ್ಲೂ ಇರುವ ಜೀನ್‌ಗಳು ಸುಮಾರು 1,350. ಆದರೆ ಜಾತಿ ಗುರುತಿಸಲು ಬಳಸುವ 16ಎಸ್ ಜೀನ್ ನೋಡಿದರೆ ವ್ಯತ್ಯಾಸ ಶೇಕಡಾ 3 ಕೂಡ ಇಲ್ಲ! ಮುಖ ನೋಡಿದರೆ ಅವಳಿ, ಮನೆಯೊಳಗೆ ಹೋದರೆ ಪಾತ್ರೆ ಪಗಡೆ ಎಲ್ಲ ಬೇರೆ.

ಒಂದು ಎಚ್ಚರಿಕೆ. ಗೋವಾದ ದಡದ ನೀರು ತಂದು ಅದರಲ್ಲಿ ಪ್ರೋಕ್ಲೋರೋಕಾಕಸ್ ಹುಡುಕುತ್ತ ಕೂರಬೇಡಿ. ಮಾಂಡವಿ, ಜುವಾರಿ ಬಾಯಿಯ ಹತ್ತಿರದ ಗೊಬ್ಬರದಂಥ ನೀರು ಅದಕ್ಕೆ ಒಗ್ಗುವುದಿಲ್ಲ. ಅಲ್ಲಿ ಕೈಗೆ ಸಿಗುವುದು ಅದರ ದಾಯಾದಿ ಸಿನೆಕೋಕಾಕಸ್. ಪ್ರೋಕ್ಲೋರೋಕಾಕಸ್ ಬೇಕಿದ್ದರೆ ದೂರ ಹೋಗಬೇಕು, ಇಲ್ಲವೇ ಸಾರ್ವಜನಿಕ ಡೇಟಾಬೇಸ್‌ನಿಂದ ಇಳಿಸಿಕೊಳ್ಳಬೇಕು. ನಾಲ್ಕು ತಿಂಗಳ ಪ್ರಾಜೆಕ್ಟ್‌ಗೆ ಎರಡನೆಯದೇ ವಾಸಿ.

ಸಾರ್ 11 ಅಂದರೆ ನಮ್ಮ ಊಟದ ಸಾರಲ್ಲ, ಸಾರ್ಗಾಸೋ ಸಮುದ್ರದಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. 1990ರಲ್ಲಿ ಬರೀ ಜೀನ್‌ನ ತುಣುಕಾಗಿ ಪತ್ತೆಯಾಯಿತು, ಪ್ರಯೋಗಾಲಯದಲ್ಲಿ ಬೆಳೆಸಲು 2002ರವರೆಗೆ ಕಾಯಬೇಕಾಯಿತು. ಸಮುದ್ರದ ಮೇಲ್ಭಾಗದಲ್ಲಿ ಸರಾಸರಿ ನಾಲ್ಕು ಬ್ಯಾಕ್ಟೀರಿಯಾಗಳಲ್ಲಿ ಒಂದು ಇದೇ. 2005ರಲ್ಲಿ ಇದರ ಮೊದಲ ಜೀನೋಮ್ ಬಂತು: 13 ಲಕ್ಷ ಬೇಸ್, 1,354 ಜೀನ್. ಒಂದು ಜೀನ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಜಾಗ ಎಷ್ಟೋ ಕಡೆ ಬೆರಳೆಣಿಕೆಯ ಬೇಸ್ ಮಾತ್ರ. ಮುಂಬೈ ಚಾಳಿನ ಖೋಲಿಗಳ ಹಾಗೆ, ಗೋಡೆಗೆ ಗೋಡೆ.

ಇದನ್ನು ಬೆಳೆಸುವುದು ಯಾಕೆ ಅಷ್ಟು ಕಷ್ಟ ಎಂಬುದಕ್ಕೂ ಜೀನೋಮೇ ಸುಳಿವು ಕೊಟ್ಟಿತು. ಸಮುದ್ರದ ನೀರಲ್ಲಿ ಸಲ್ಫೇಟ್ ಬೇಕಾದಷ್ಟಿದೆ, ಹೆಚ್ಚಿನ ಬ್ಯಾಕ್ಟೀರಿಯಾ ಅದನ್ನೇ ಪಳಗಿಸಿ ಬಳಸುತ್ತವೆ. ಪಳಗಿಸುವ ಆ ಜೀನ್‌ಗಳೇ ಸಾರ್ 11ರಲ್ಲಿ ಇಲ್ಲ. ಬೇರೆಯವರು ಸಿದ್ಧಮಾಡಿ ಬಿಟ್ಟ ಗಂಧಕದ ಸಂಯುಕ್ತ ಸಿಗದಿದ್ದರೆ ಇದು ಬೆಳೆಯುವುದಿಲ್ಲ. 2008ರಲ್ಲಿ ಇದು ಪ್ರಯೋಗದಿಂದಲೂ ಖಚಿತವಾಯಿತು. ಇಲ್ಲದ ಜೀನ್ ಕೂಡ ಮಾತಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ "ಇಲ್ಲ" ಎಂದು ಹೇಳುವ ಮೊದಲು ಮುಂದಿನ ಭಾಗ ಓದಿ. ನಾನು ಅಲ್ಲೇ ಬಿದ್ದದ್ದು.

ವಿಬ್ರಿಯೋ ಇವೆರಡಕ್ಕೂ ತದ್ವಿರುದ್ಧ. ಕಾಲರಾ ತರುವುದು ಇದೇ ಕುಟುಂಬದ್ದು. ಎರಡು ಕ್ರೋಮೋಸೋಮ್, ಸುಮಾರು 40 ಲಕ್ಷ ಬೇಸ್ ಅಥವಾ ಅದಕ್ಕಿಂತ ಜಾಸ್ತಿ. ಹೊಟ್ಟೆಬಾಕ. ವಿಬ್ರಿಯೋ ಬೆಳೆಸಲೆಂದೇ ಇರುವ ಟಿಸಿಬಿಎಸ್ ಪ್ಲೇಟ್ ಮೇಲೆ ಸಿಗಡಿ ತೊಳೆದ ನೀರು ಸವರಿ ರಾತ್ರಿ ಇಟ್ಟರೆ ಬೆಳಗ್ಗೆ ಹಸಿರು ಪ್ಲೇಟ್ ಮೇಲೆ ಹಳದಿ ಬೊಟ್ಟುಗಳು ಎದ್ದಿರುತ್ತವೆ. ಸಕ್ಕರೆಯನ್ನು ಹುಳಿಹಿಡಿಸಲಾರದ ತಳಿಗಳು ಹಸಿರಾಗೇ ಉಳಿಯುತ್ತವೆ. ಕೈಯಲ್ಲಿ ಜೀವಿ ಇದ್ದರೆ, ಬದಲಾದ ಪ್ರೋಟೀನ್ ನಿಜವಾಗಿ ಏನು ಮಾಡುತ್ತದೆ ಅಂತ ಪರೀಕ್ಷಿಸಬಹುದು. ಮಿಕ್ಕ ಇಬ್ಬರ ವಿಷಯದಲ್ಲಿ ಅದು ಹೊಸಬರ ಕೈಲಾಗದ ಕೆಲಸ. ತೀರಾ ಹತ್ತಿರದ ನೆಂಟರ ಸಾವಿರಾರು ಜೀನೋಮ್‌ಗಳೂ ಡೇಟಾಬೇಸ್‌ನಲ್ಲಿ ಇವೆ. ಹಾಗಾಗಿ "ಇತ್ತೀಚೆಗೆ ಏನಾಗುತ್ತಿದೆ" ಎಂಬ ಪ್ರಶ್ನೆಗೆ ವಿಬ್ರಿಯೋ. "ಸಮುದ್ರದ ಬದುಕು ಪ್ರೋಟೀನ್‌ಗಳನ್ನು ಹೇಗೆ ತಿದ್ದಿದೆ" ಎಂಬ ದೊಡ್ಡ ಪ್ರಶ್ನೆಗೆ ಮೊದಲಿನ ಎರಡು.

ಜೀನೋಮ್ ಯಾವ ಬಾಗಿಲಿಂದ ಬಂತು?

ಮೂರು ಬಾಗಿಲುಗಳಿವೆ. ಬೆಳೆಸಿದ ಒಂದೇ ತಳಿಯಿಂದ ತೆಗೆದ ಜೀನೋಮ್. ನೀರಿನಲ್ಲಿರುವ ಎಲ್ಲರ ಡಿಎನ್‌ಎಯನ್ನು ಒಟ್ಟಿಗೆ ಓದಿ, ಆಮೇಲೆ ಕಂಪ್ಯೂಟರಿನಲ್ಲಿ ಗುಂಪು ಮಾಡಿ ಕಟ್ಟಿದ ಜೀನೋಮ್, ಇದನ್ನು ಮ್ಯಾಗ್ ಅನ್ನುತ್ತಾರೆ. ಒಂದೇ ಒಂದು ಕೋಶವನ್ನು ಬೇರ್ಪಡಿಸಿ, ಅದರ ಡಿಎನ್‌ಎಯನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಓದಿದ್ದು, ಇದು ಸ್ಯಾಗ್.

ಬೆಳೆಸಿದ್ದು ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ಪೂರ್ತಿ ಇರುತ್ತದೆ, ಒಬ್ಬರದೇ ಇರುತ್ತದೆ. ಬೆಳೆಸಬಹುದಾದ ತಳಿಗಳು ಬೇಕಿದ್ದರೆ ಪುಣೆಯಲ್ಲೇ ಎರಡು ದೊಡ್ಡ ಸಂಗ್ರಹಗಳಿವೆ, ಎನ್‌ಸಿಎಂಆರ್ (ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರ) ಮತ್ತು ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ (ಎನ್‌ಸಿಎಲ್) ಆವರಣದ ಎನ್‌ಸಿಐಎಂ. ತೊಂದರೆ ಏನೆಂದರೆ ಬೆಳೆಸಲು ಒಪ್ಪುವವರು ಸಮುದ್ರದ ಜನಸಂಖ್ಯೆಯಲ್ಲಿ ಅಲ್ಪಸಂಖ್ಯಾತರು. ಬರೀ ಅವರನ್ನೇ ನೋಡಿ ಸಮುದ್ರದ ಕಥೆ ಬರೆಯುವುದೆಂದರೆ, ಮಡಗಾಂವ್ ಸ್ಟೇಷನ್ನಿನಲ್ಲಿ ಇಳಿದವರನ್ನು ಮಾತ್ರ ನೋಡಿ ಗೋವಾದ ಜನ ಹೀಗೆ ಅಂದಂತೆ.

ಮ್ಯಾಗ್ ವಿಷಯಕ್ಕೆ ಬರೋಣ. ನನ್ನ ಮೊದಲ ವರ್ಷದ ಮಾತು ಇದು. ಮಳೆಗಾಲ ಮುಗಿದ ಮೇಲಿನ ನೀರಿನ ಡೇಟಾ, ಹತ್ತು ಹನ್ನೊಂದು ಮ್ಯಾಗ್‌ಗಳು. ರಂಜಕ ಹೀರಿಕೊಳ್ಳುವ ಒಂದು ಪ್ರೋಟೀನಿನ ಜೀನ್ ಹುಡುಕಿದೆ. ಹೆಚ್ಚಿನವುಗಳಲ್ಲಿ ಇಲ್ಲ! ಮೂರು ತಿಂಗಳು ಅದರ ಮೇಲೇ ಕೂತೆ. "ಇಲ್ಲಿಯ ನೀರಲ್ಲಿ ರಂಜಕ ಸಾಕಷ್ಟಿದೆ, ಅದಕ್ಕೇ ಜೀನ್ ಬಿಟ್ಟುಕೊಟ್ಟಿವೆ" ಎಂದು ಪೋಸ್ಟರ್ ಕೂಡ ಮಾಡಿಸಿದೆ, ಮ್ಯಾಟ್ ಫಿನಿಶ್‌ನಲ್ಲಿ. ಪೋಸ್ಟರ್ ಮುಂದೆ ನಿಂತ ಒಬ್ಬ ಹಿರಿಯರು ಕನ್ನಡಕ ಹಣೆಗೇರಿಸಿ ಒಂದೇ ಮಾತು ಕೇಳಿದರು: "ಇವು ಎಷ್ಟು ಪರ್ಸೆಂಟ್ ಪೂರ್ತಿ ಇವೆ?"

ನಾನು ನೋಡಿರಲೇ ಇಲ್ಲ. ರಾತ್ರಿ ರೂಮಿಗೆ ಬಂದು, ಜೀನೋಮ್ ಎಷ್ಟು ಪೂರ್ತಿ ಇದೆ ಎಂದು ಅಳೆಯುವ ಚೆಕ್‌ಎಂ ಓಡಿಸಿದೆ. ಅರವತ್ತು, ಅರವತ್ತೈದು, ಎಪ್ಪತ್ತು. ಸಾರ್ 11ರಂಥ ಜೀವಿಯ ಮ್ಯಾಗ್ ಶೇಕಡಾ 70 ಪೂರ್ತಿ ಇದೆ ಅಂದರೆ, 1,350 ಜೀನ್‌ಗಳಲ್ಲಿ ಸುಮಾರು 400 ನಮ್ಮ ಬುಟ್ಟಿಗೆ ಬಿದ್ದೇ ಇಲ್ಲ. ಜೀವಿ ಕಳೆದುಕೊಂಡದ್ದಲ್ಲ, ನಾನು ಕಳೆದದ್ದು. ಯಂತ್ರ ಓದಿದ ಮೂಲ ಡಿಎನ್‌ಎ ತುಣುಕುಗಳನ್ನು ಮತ್ತೆ ಜಾಲಾಡಿದಾಗ ಆ ಜೀನ್ ಬೇಕಾದಷ್ಟು ಸಲ ಸಿಕ್ಕಿತು. ಪೋಸ್ಟರ್ ಈಗಲೂ ಇದೆ. ಮಳೆಗಾಲದಲ್ಲಿ ಕಿಟಕಿಗೆ ಅಡ್ಡ ಕಟ್ಟುತ್ತೇನೆ.

ಇನ್ನೂ ಒಂದು ಮಾತು. ಕಳೆಯುವ ಜೀನ್‌ಗಳು ಲಾಟರಿ ಹೊಡೆದ ಹಾಗೆ ಕಳೆಯುವುದಿಲ್ಲ. ಹೊರಗಿಂದ ಬಂದು ಸೇರಿದ ಜೀನ್‌ಗಳು ಜೀನೋಮಿನ ಕೆಲವು ದ್ವೀಪಗಳಲ್ಲಿ ಗುಂಪಾಗಿರುತ್ತವೆ. ಅವುಗಳ ಅಕ್ಷರಗಳ ಪ್ರಮಾಣ ಉಳಿದ ಜೀನೋಮಿನ ಹಾಗಿರುವುದಿಲ್ಲ, ಎಲ್ಲ ಕೋಶಗಳಲ್ಲೂ ಇರುವುದಿಲ್ಲ. ಗುಂಪು ಮಾಡುವ ಸಾಫ್ಟ್‌ವೇರ್ ಇವನ್ನೇ ಮೊದಲು ಹೊರಗೆ ತಳ್ಳುತ್ತದೆ. ವೈರಸ್ ವಿರುದ್ಧದ ರಕ್ಷಣೆ, ಕೋಶದ ಮೇಲ್ಮೈ ಪ್ರೋಟೀನ್‌ಗಳು, ಪರಿಸರಕ್ಕೆ ಹೊಂದಿಕೊಳ್ಳುವ ಸಾಮಾನುಗಳು ಇರುವುದು ಹೆಚ್ಚಾಗಿ ಈ ದ್ವೀಪಗಳಲ್ಲೇ. ಅಂದರೆ ನಮಗೆ ಬೇಕಾದದ್ದೇ ಹೋಗುತ್ತದೆ. ಜೊತೆಗೆ ಸಾರ್ 11, ಪ್ರೋಕ್ಲೋರೋಕಾಕಸ್ ಎರಡರಲ್ಲೂ ಒಂದೇ ನೀರಲ್ಲಿ ಅಷ್ಟೊಂದು ಒಳತಳಿಗಳಿರುತ್ತವೆ, ಜೋಡಿಸುವ ಸಾಫ್ಟ್‌ವೇರ್ ಗೊಂದಲಕ್ಕೆ ಬಿದ್ದು ತುಂಡು ತುಂಡು ಮಾಡಿಬಿಡುತ್ತದೆ. ಸಮುದ್ರದಲ್ಲಿ ಎಲ್ಲರಿಗಿಂತ ಜಾಸ್ತಿ ಇರುವವರೇ ಮ್ಯಾಗ್‌ಗಳಲ್ಲಿ ಸರಿಯಾಗಿ ಸಿಗುವುದಿಲ್ಲ. ವಿಚಿತ್ರ ಅಲ್ವಾ?

ಈ ಒಳತಳಿಗಳ ಗಲಾಟೆಗೆ ಸ್ಯಾಗ್ ಒಳ್ಳೆ ಮದ್ದು. ಒಂದೇ ಕೋಶ, ಹಾಗಾಗಿ ಬೆರಕೆಯ ಪ್ರಶ್ನೆ ಕಮ್ಮಿ. ಉಷ್ಣವಲಯದ ಸಮುದ್ರಗಳಿಂದ 2019ರಲ್ಲಿ ಗೋರ್ಗ್-ಟ್ರಾಪಿಕ್ಸ್ ಎಂಬ ಸಂಗ್ರಹ ಬಂತು, 12,715 ಒಂಟಿ ಕೋಶಗಳ ಜೀನೋಮ್. ಆದರೆ ಡಿಎನ್‌ಎ ಹೆಚ್ಚಿಸುವಾಗ ಕೆಲವು ಕಡೆ ರಾಶಿ, ಕೆಲವು ಕಡೆ ಖಾಲಿ. ಇವೂ ಅಪೂರ್ಣವೇ.

ಹಾಗಾದರೆ ನಿಯಮ ಏನು? "ಈ ಜೀನ್ ಇದೆ, ಇದರ ಅಕ್ಷರಗಳು ಹೀಗೆ ಬದಲಾಗಿವೆ" ಎಂಬ ಪ್ರಶ್ನೆಗೆ ಮ್ಯಾಗ್, ಸ್ಯಾಗ್ ಎರಡೂ ನಡೆಯುತ್ತವೆ. "ಈ ಜೀನ್ ಇಲ್ಲ" ಎಂದು ಹೇಳಬೇಕಿದ್ದರೆ ಬೆಳೆಸಿದ ತಳಿಯ ಪೂರ್ತಿ ಜೀನೋಮ್ ಬೇಕು, ಇಲ್ಲವೇ ಒಂದೇ ಮನೆತನದ ಹತ್ತಾರು ಅಪೂರ್ಣ ಜೀನೋಮ್‌ಗಳಲ್ಲಿ ಒಂದರಲ್ಲೂ ಸಿಗಬಾರದು. ಮ್ಯಾಗ್ ಬಳಸುವುದಾದರೆ ಶೇಕಡಾ 90ಕ್ಕಿಂತ ಜಾಸ್ತಿ ಪೂರ್ತಿ, 5ಕ್ಕಿಂತ ಕಮ್ಮಿ ಬೆರಕೆ. 2017ರಿಂದ ಒಳ್ಳೆ ದರ್ಜೆಯ ಮ್ಯಾಗ್‌ಗೆ ಎಲ್ಲರೂ ಹಿಡಿದಿರುವ ಗೆರೆ ಇದು.

ಓದುವ ಯಂತ್ರದ ಬಗ್ಗೆ ಎರಡೇ ಮಾತು. ಚಿಕ್ಕ ಓದಿನ ಇಲ್ಯೂಮಿನಾ ನಿಖರ, ಆದರೆ ಜೋಡಿಸುವಾಗ ತುಂಡಾಗುತ್ತದೆ. ಉದ್ದ ಓದಿನ ನ್ಯಾನೋಪೋರ್ ದ್ವೀಪಗಳನ್ನೂ ದಾಟಿಸುತ್ತದೆ. ಆದರೆ ಒಂದೇ ಅಕ್ಷರ ಸಾಲಾಗಿ ಬಂದಲ್ಲಿ ಎಣಿಕೆ ತಪ್ಪುತ್ತದೆ. ಮೆಡ್4, ಸಾರ್ 11ರಂಥ ಜೀವಿಗಳಲ್ಲಿ ಎ ಮತ್ತು ಟಿ ಅಕ್ಷರಗಳೇ ಶೇಕಡಾ 70ರ ಆಸುಪಾಸು, ಅಂಥ ಸಾಲುಗಳಿಗೆ ಕೊರತೆಯೇ ಇಲ್ಲ. ಒಂದು ಎ ತಪ್ಪಿದರೆ ಮುಂದಿನ ಪ್ರೋಟೀನ್ ಪೂರ್ತಿ ಹಳಿ ತಪ್ಪುತ್ತದೆ, "ಸತ್ತ ಜೀನ್" ಎಂದು ಹಣೆಪಟ್ಟಿ ಬೀಳುತ್ತದೆ. ಎರಡೂ ಬಳಸಿ ತಿದ್ದಲು ಆದರೆ ಚೆನ್ನ.

ಒಂದೇ ಹೆಸರಿನವರು ಒಂದೇ ಮನೆಯವರೇ?

ಜೀನೋಮ್‌ಗಳು ಸಿಕ್ಕಮೇಲೆ ಯಾವ ಜೀನ್‌ಗೆ ಯಾವುದು ಜೋಡಿ ಎಂದು ಕಂಡುಹಿಡಿಯಬೇಕು. ಎರಡು ಜೀನೋಮ್ ಇದ್ದರೆ ಹೋಲಿಕೆ ಹುಡುಕುವ ಬ್ಲಾಸ್ಟ್ ಸಾಫ್ಟ್‌ವೇರ್ ಹಾಕಿ: ಇವನಿಗೆ ಅವನು ಹತ್ತಿರ, ಅವನಿಗೂ ಇವನೇ ಹತ್ತಿರ ಅಂದರೆ ಜೋಡಿ. ಐದಾರಕ್ಕಿಂತ ಜಾಸ್ತಿ ಇದ್ದರೆ ಆರ್ಥೋಫೈಂಡರ್. ಅದು ವಂಶವೃಕ್ಷ ಹಾಕಿ ನಕಲಾದ ಜೀನ್‌ಗಳನ್ನು ಬೇರ್ಪಡಿಸುತ್ತದೆ. ಒಂದೇ ಜಾತಿಯ ಐವತ್ತು ವಿಬ್ರಿಯೋ ಇದ್ದರೆ ಪನರೂ. ಇಷ್ಟು ಸಾಕು, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ.

ಕೆಡಿಸಿಕೊಳ್ಳಬೇಕಾದ್ದು ಎರಡು ಕಡೆ. ಒಂದು, ಕೆಲಸ ಒಂದೇ ಆದರೆ ಪ್ರೋಟೀನ್ ಒಂದೇ ಆಗಬೇಕಿಲ್ಲ. ಮಳೆಗಾಲದ ಕೊನೆಗೆ ಗೋವಾದ ಎದುರಿನ ನೀರಲ್ಲಿ ಆಮ್ಲಜನಕ ಬತ್ತುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತಳದಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಬರುತ್ತದೆ. ಅಂಥ ನೀರಲ್ಲಿ ಕೆಲವು ಬ್ಯಾಕ್ಟೀರಿಯಾ ನೈಟ್ರೇಟ್, ನೈಟ್ರೈಟ್‌ಗಳನ್ನೇ ಉಸಿರಾಡುತ್ತವೆ. ನೈಟ್ರೈಟ್ ಒಡೆಯಲು ಎರಡು ಕಿಣ್ವಗಳಿವೆ. ಒಂದರ ಒಡಲಲ್ಲಿ ತಾಮ್ರ, ಇನ್ನೊಂದರಲ್ಲಿ ಕಬ್ಬಿಣ ಹಿಡಿದ ಹೀಮ್. ಕೆಲಸ ಒಂದೇ, ಪೂರ್ವಜರು ಬೇರೆ ಬೇರೆ. ಹೆಸರು ನೋಡಿ "ನೈಟ್ರೈಟ್ ರಿಡಕ್ಟೇಸ್" ಎಂದು ಎಲ್ಲ ಒಟ್ಟಿಗೆ ಅಲೈನ್ ಮಾಡಿದರೆ, ಅಂದರೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ಒಂದರ ಕೆಳಗೆ ಒಂದು ಇಟ್ಟರೆ, ಕತ್ತೆ ಕುದುರೆ ಒಂದೇ ಗಾಡಿಗೆ ಕಟ್ಟಿದ ಹಾಗೆ.

ಎರಡು, ಜೀನ್‌ಗಳು ಮನೆ ಬದಲಾಯಿಸುತ್ತವೆ. ಪ್ರೋಕ್ಲೋರೋಕಾಕಸ್ ಮೇಲೆ ದಾಳಿ ಮಾಡುವ ವೈರಸ್‌ಗಳು ಬೆಳಕಿನ ಕೆಲಸದ ಜೀನ್‌ಗಳನ್ನೇ ಹೊತ್ತು ತಿರುಗುತ್ತವೆ. ಅಂಥದ್ದೇ ಒಂದಾದ ಡಿ1 ಪ್ರೋಟೀನಿನ ಜೀನ್ ನಿಮ್ಮ ಮ್ಯಾಗ್‌ನಲ್ಲಿ ಸ್ವಲ್ಪ ಬೇರೆ ತರ ಕಂಡರೆ "ಆಹಾ, ಹೊಸ ವಿಕಾಸ" ಎಂದು ಕುಣಿಯುವ ಮೊದಲು ಅದರ ಅಕ್ಕಪಕ್ಕದ ಜೀನ್ ನೋಡಿ. ಪಕ್ಕದಲ್ಲಿ ವೈರಸ್‌ನ ಬಾಲದ ಪ್ರೋಟೀನ್ ಇದ್ದರೆ ಅದು ವೈರಸ್‌ನದೇ.

105ನೇ ಜಾಗ

ಈಗ ಅಳತೆ. ಇಲ್ಲಿ ಒಂದು ಪ್ರೋಟೀನನ್ನೇ ಹತ್ತಿರದಿಂದ ನೋಡೋಣ.

ಪ್ರೋಟಿಯೋರೊಡಾಪ್ಸಿನ್ ಎಂಬುದು ಬೆಳಕು ಬಿದ್ದಾಗ ಪ್ರೋಟಾನ್‌ಗಳನ್ನು ಕೋಶದ ಹೊರಗೆ ಪಂಪ್ ಮಾಡುವ ಪ್ರೋಟೀನ್. ಹಸಿರೆಲೆಯ ಸಾಮಾನು ಏನೂ ಬೇಡ, ಇದೊಂದಿದ್ದರೆ ಸೂರ್ಯನಿಂದ ಸ್ವಲ್ಪ ಶಕ್ತಿ. 2000ದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ನೀರಿನ ಡಿಎನ್‌ಎಯಲ್ಲಿ ಸಿಕ್ಕಿತು. ಆ ಜೀವಿಯನ್ನು ಯಾರೂ ಬೆಳೆಸಿರಲಿಲ್ಲ. ಮೊದಲು ಸಿಕ್ಕಿದ್ದು ಹಸಿರು ಬೆಳಕು ಹೀರುವ ಬಗೆ, ಸುಮಾರು 525 ನ್ಯಾನೋಮೀಟರ್. ಆಮೇಲೆ ಹವಾಯಿ ಹತ್ತಿರ 75 ಮೀಟರ್ ಆಳದಲ್ಲಿ ನೀಲಿ ಹೀರುವುದು ಸಿಕ್ಕಿತು, ಸುಮಾರು 490. ದಡದ ಹತ್ತಿರದ ನೀರು ಹಸಿರು, ನಡುಸಮುದ್ರದ ಆಳಕ್ಕೆ ತಲುಪುವುದು ನೀಲಿ. ಬೆಳಕು ಎಲ್ಲಿ ಹೇಗಿದೆಯೋ ಹಾಗೆ ಕಣ್ಣು.

ಎರಡನ್ನೂ ಒಂದರ ಕೆಳಗೆ ಒಂದು ಇಟ್ಟರೆ ವ್ಯತ್ಯಾಸಗಳು ಹಲವು. ಆದರೆ 2003ರಲ್ಲಿ ಒಂದೊಂದೇ ಜಾಗ ಬದಲಿಸಿ ನೋಡಿದಾಗ ಬಣ್ಣ ತಿರುಗಿಸುವ ಮುಖ್ಯ ಸ್ವಿಚ್ ಒಂದೇ ಕಡೆ ಸಿಕ್ಕಿತು. ಪ್ರೋಟೀನಿನ ಸರದ ಮಣಿಗಳಾದ 249 ಅಮೈನೋ ಆಮ್ಲಗಳಲ್ಲಿ 105ನೆಯದು. ಅಲ್ಲಿ ಲ್ಯೂಸಿನ್ ಇದ್ದರೆ ಹಸಿರು, ಗ್ಲುಟಮಿನ್ ಇದ್ದರೆ ನೀಲಿ. ಲ್ಯೂಸಿನ್‌ಗೆ ಡಿಎನ್‌ಎಯಲ್ಲಿ ಸಿ-ಟಿ-ಎ ಎಂಬ ಮೂರಕ್ಷರದ ಕೋಡ್ ಇದೆ, ಗ್ಲುಟಮಿನ್‌ಗೆ ಸಿ-ಎ-ಎ. ನಡುವಿನ ಒಂದು ಅಕ್ಷರ ಸಾಕು.

ಈ ಒಂದು ಜಾಗ ಹಿಡಿಯಲು ಯಾವ ವಿಧಾನ ಒಳ್ಳೆಯದು ಅಂತ ಕೇಳಿಕೊಂಡರೆ ವಿಧಾನಗಳ ಬಣ್ಣವೂ ಬಯಲಾಗುತ್ತದೆ.

ಎಲ್ಲರೂ ಮೊದಲು ಓಡುವುದು ಡಿಎನ್/ಡಿಎಸ್ ಕಡೆಗೆ. ಪ್ರೋಟೀನ್ ಬದಲಿಸುವ ಅಕ್ಷರಬದಲಾವಣೆಗಳ ದರವನ್ನು, ಪ್ರೋಟೀನ್ ಬದಲಿಸದವುಗಳ ದರದಿಂದ ಭಾಗಿಸುವುದು. 1ಕ್ಕಿಂತ ಜಾಸ್ತಿ ಬಂದರೆ ಬದಲಾವಣೆಗೆ ಪ್ರಕೃತಿಯ ಬೆಂಬಲ ಇದೆ ಎಂದು ಅರ್ಥ. ಪ್ರೋಟಿಯೋರೊಡಾಪ್ಸಿನ್‌ನಂಥ ಪ್ರೋಟೀನಿಗೆ ಇಡೀ ಜೀನ್‌ನ ಸರಾಸರಿ ತೆಗೆದರೆ 1ರ ಹತ್ತಿರಕ್ಕೂ ಬರುವುದಿಲ್ಲ. ಮಿಕ್ಕ 248 ಜಾಗಗಳಲ್ಲಿ ಹೆಚ್ಚಿನವು ಅಲುಗಾಡುವ ಹಾಗಿಲ್ಲ, ಅವುಗಳ ನಡುವೆ 105ರ ದನಿ ಮುಳುಗಿಹೋಗುತ್ತದೆ. ಜಾಗ ಜಾಗಕ್ಕೆ ಲೆಕ್ಕ ಹಾಕುವ ಮಾದರಿಗಳು ಪಿಎಎಂಎಲ್, ಹೈಫೈ ಎಂಬ ಎರಡೂ ಸಾಫ್ಟ್‌ವೇರ್‌ಗಳಲ್ಲಿ ಇವೆ. ಅವನ್ನೇ ಬಳಸಿ. ಆದರೆ ಅಲ್ಲೂ ನೆಂಟಸ್ತಿಕೆಯ ಪ್ರಶ್ನೆ ಬಿಡುವುದಿಲ್ಲ. ಮೆಡ್4 ಮತ್ತು ಎಂಐಟಿ9313 ನಡುವೆ ಇದನ್ನು ಹಾಕಿದರೆ ಭಾಗಾಕಾರದ ಕೆಳಗಿನ ಸಂಖ್ಯೆಯೇ ಹಾಳು. ಪ್ರೋಟೀನ್ ಬದಲಿಸದ ಜಾಗಗಳು ಇಷ್ಟರಲ್ಲಿ ಎಷ್ಟು ಸಲ ತಿರುಗಿವೆಯೋ ಎಣಿಸಲು ಆಗುವುದಿಲ್ಲ. ಅದು ತುಂಬಿ ತುಳುಕಿದ ಕೊಡ. ತೀರಾ ಹತ್ತಿರದ ವಿಬ್ರಿಯೋಗಳ ನಡುವೆ ಹಾಕಿದರೆ ಇನ್ನೊಂದು ಪಜೀತಿ. ಇನ್ನೂ ಸೋಸಿಹೋಗದ ಕೆಟ್ಟ ಬದಲಾವಣೆಗಳೂ ಸೇರಿ ಸಂಖ್ಯೆ ಸುಮ್ನೆ ಉಬ್ಬುತ್ತದೆ. ಅಲ್ಲಿಗೆ ಮ್ಯಾಕ್‌ಡೊನಾಲ್ಡ್-ಕ್ರೈಟ್‌ಮನ್ ಪರೀಕ್ಷೆ ಸರಿ, ಒಂದೇ ಜಾತಿಯೊಳಗಿನ ವ್ಯತ್ಯಾಸವನ್ನೂ ಎರಡು ಜಾತಿಗಳ ನಡುವಿನದನ್ನೂ ಅದು ತಾಳೆ ನೋಡುತ್ತದೆ. ಅಲೈನ್‌ಮೆಂಟ್ ಕಣ್ಣಿಂದ ನೋಡದೆ ಇವನ್ನೆಲ್ಲ ಓಡಿಸಬೇಡಿ. "ಪ್ರಬಲ ಆಯ್ಕೆ" ಎಂದು ಬಂದವುಗಳಲ್ಲಿ ನಾನು ಕಂಡಿದ್ದು ಎಷ್ಟೋ ಸಲ ಹಳಿ ತಪ್ಪಿದ ಅಲೈನ್‌ಮೆಂಟ್.

ದೂರದ ನೆಂಟರಿಗೆ ವಂಶವೃಕ್ಷ ಹಾಕಿ ಪೂರ್ವಜರ ಅನುಕ್ರಮ (ಅಕ್ಷರಗಳ ಸಾಲು) ಊಹಿಸುವ ದಾರಿ ಒಳ್ಳೆಯದು. ಐಕ್ಯೂ-ಟ್ರೀ ಎಂಬ ಸಾಫ್ಟ್‌ವೇರ್ ಅದನ್ನು ಮಾಡಿಕೊಡುತ್ತದೆ. 105ನೇ ಜಾಗಕ್ಕೆ ಹೇಳಿ ಮಾಡಿಸಿದ ವಿಧಾನ ಇದು. ಮರದ ಕೊಂಬೆಗಳ ಮೇಲೆ ಲ್ಯೂಸಿನ್, ಗ್ಲುಟಮಿನ್ ಎಂದು ಬಣ್ಣ ಹಚ್ಚಿದರೆ ಬದಲಾವಣೆ ಒಂದೇ ಸಲ ಆಯಿತೋ, ಬೇರೆ ಬೇರೆ ಕೊಂಬೆಗಳಲ್ಲಿ ಪದೇಪದೇ ಆಯಿತೋ ಕಾಣುತ್ತದೆ. ಪದೇಪದೇ ಆಗಿದ್ದರೆ ಅದು ಬರೀ ಆಕಸ್ಮಿಕ ಅನ್ನುವುದು ಕಷ್ಟ.

ಅನುಕ್ರಮ ಕೊಟ್ಟರೆ ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಬಗ್ಗೆ ಕೇಳದವರೇ ಇಲ್ಲ. 2021ರಿಂದ ಎಲ್ಲರ ಬಾಯಲ್ಲೂ ಅದೇ. ಅನುಕ್ರಮದ ಹೋಲಿಕೆ ಶೇಕಡಾ 25ಕ್ಕಿಂತ ಕೆಳಗೆ ಇಳಿದು ಅಲೈನ್‌ಮೆಂಟ್ ಕೈಕೊಟ್ಟಾಗ, ಮೂರು ಆಯಾಮದ ಆಕಾರಗಳನ್ನು ಫೋಲ್ಡ್‌ಸೀಕ್‌ನಲ್ಲಿ ಹೋಲಿಸುವುದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಲ್ಯೂಸಿನ್ ಇರುವುದನ್ನೂ ಗ್ಲುಟಮಿನ್ ಇರುವುದನ್ನೂ ಕೊಟ್ಟರೆ ಅದು ಹೆಚ್ಚುಕಮ್ಮಿ ಒಂದೇ ಆಕಾರ ಕೊಡುತ್ತದೆ. ಬಣ್ಣ ಬದಲಾದ ಸುದ್ದಿ ಅದಕ್ಕೆ ಗೊತ್ತಿಲ್ಲ. ತೀರಾ ದೂರದ ನೆಂಟರಿಗೆ ಹೌದು, ಒಂದೊಂದು ಜಾಗದ ಪ್ರಶ್ನೆಗೆ ಬೇಡ.

ಬಡತನವೋ, ಅಭ್ಯಾಸವೋ?

ಇನ್ನೊಂದು ಬಗೆಯ ಪ್ರಾಜೆಕ್ಟ್ ಈಚೆಗೆ ಬಹಳ ಜನ ಹಿಡಿಯುತ್ತಾರೆ: ಇಡೀ ಜೀನೋಮಿನ ಎಲ್ಲ ಪ್ರೋಟೀನ್‌ಗಳಲ್ಲಿ ಯಾವ ಅಮೈನೋ ಆಮ್ಲ ಎಷ್ಟು ಅಂತ ಎಣಿಸುವುದು. ಸುಲಭ, ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ, ಗ್ರಾಫ್ ಚಂದ ಬರುತ್ತದೆ. ಬಲೆ ಇರುವುದೂ ಅಲ್ಲೇ.

ನಡುಸಮುದ್ರದಲ್ಲಿ ಸಾರಜನಕಕ್ಕೆ ಬರ. ಆರ್ಜಿನಿನ್ ಎಂಬ ಅಮೈನೋ ಆಮ್ಲದಲ್ಲಿ ನಾಲ್ಕು ಸಾರಜನಕ ಪರಮಾಣು, ಲೈಸಿನ್‌ನಲ್ಲಿ ಎರಡು. ಎರಡಕ್ಕೂ ಧನ ವಿದ್ಯುದಂಶ, ಎಷ್ಟೋ ಕಡೆ ಒಂದರ ಜಾಗದಲ್ಲಿ ಇನ್ನೊಂದು ನಡೆಯುತ್ತದೆ. ಮೆಡ್4ರಲ್ಲೂ ಸಾರ್ 11ರಲ್ಲೂ ಲೈಸಿನ್ ಜಾಸ್ತಿ, ಆರ್ಜಿನಿನ್ ಕಮ್ಮಿ. "ನೋಡಿ, ಬಡತನದಲ್ಲಿ ಸಾರಜನಕ ಉಳಿಸುತ್ತಿವೆ" ಎಂದು ಬರೆಯಲು ಕೈ ತುರಿಸುತ್ತದೆ.

ಸ್ವಲ್ಪ ತಡೆಯಿರಿ. ಲೈಸಿನ್‌ನ ಕೋಡ್ ಎ-ಎ-ಎ ಅಥವಾ ಎ-ಎ-ಜಿ. ಆರ್ಜಿನಿನ್‌ನ ಆರು ಕೋಡ್‌ಗಳಲ್ಲಿ ನಾಲ್ಕು ಸಿ-ಜಿ ಇಂದ ಶುರು. ಜೀನೋಮ್ ಯಾವುದೇ ಕಾರಣಕ್ಕೆ ಎ-ಟಿ ಕಡೆಗೆ ವಾಲಿದರೆ ಲೈಸಿನ್ ತಾನಾಗಿ ಏರುತ್ತದೆ, ಪ್ರೋಟೀನಿಗೆ ಬೇಕೋ ಬೇಡವೋ. ಇನ್ನೂ ಕಿರಿಕಿರಿ ಏನೆಂದರೆ ಜಿ-ಸಿ ಜೋಡಿಯಲ್ಲಿ ಎಂಟು ಸಾರಜನಕ, ಎ-ಟಿ ಜೋಡಿಯಲ್ಲಿ ಏಳು. ಅಂದರೆ ಎ-ಟಿ ಕಡೆಗೆ ವಾಲುವುದೇ ಒಂದು ಉಳಿತಾಯ. ಯಾರು ಯಾರನ್ನು ಎಳೆಯುತ್ತಿದ್ದಾರೆ ಎಂದು ಈ ಗ್ರಾಫ್ ಒಂದರಿಂದ ತಿಳಿಯದು.

ಬಿಡಿಸಲು ಎರಡು ದಾರಿ. ಪ್ರೋಟೀನ್ ಬದಲಿಸದ ಮೂರನೇ ಅಕ್ಷರಗಳಲ್ಲೂ ಜೀನ್‌ಗಳ ನಡುವಿನ ಜಾಗದಲ್ಲೂ ವಾಲಿಕೆ ಎಷ್ಟಿದೆ ನೋಡಿ. ಪ್ರೋಟೀನ್‌ಗಳಲ್ಲಿನ ಬದಲಾವಣೆ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಹೊಸ ಮಾತು. ಇನ್ನೊಂದು, ಸಮುದ್ರಕ್ಕೇ ಸಂಬಂಧವಿಲ್ಲದ ಒಬ್ಬರನ್ನು ಸಾಲಿನಲ್ಲಿ ನಿಲ್ಲಿಸಿ. ನಾನು ಯಾವಾಗಲೂ ಬುಕ್ನೆರಾವನ್ನು ಕರೆಯುತ್ತೇನೆ. ಅವರೆ ಬಳ್ಳಿಗೆ ಹತ್ತುವ ಸಸ್ಯಹೇನುಗಳಂಥವುಗಳ ಮೈಯೊಳಗೆ ಇರುವ ಬ್ಯಾಕ್ಟೀರಿಯಾ ಅದು. ಜೀನೋಮ್ ಬರೀ 6.4 ಲಕ್ಷ ಬೇಸ್, ಎ-ಟಿ ಶೇಕಡಾ 74ರ ಹತ್ತಿರ, ಲೈಸಿನ್ ರಾಶಿ. ಕಡಲಿನ ಸಾರಜನಕದ ಬರ ಅದಕ್ಕೆ ಗೊತ್ತೇ ಇಲ್ಲ. ಅದರ ಜೀನೋಮ್ ಸಣ್ಣದಾದದ್ದು ಚಿಕ್ಕ ಜನಸಂಖ್ಯೆಯಲ್ಲಿ ಸೋಸುವವರಿಲ್ಲದೆ. ಸಾರ್ 11ರದು ಸಣ್ಣದಾದದ್ದು ಅಗಾಧ ಜನಸಂಖ್ಯೆಯಲ್ಲಿ ಚೂರು ಚೂರು ಉಳಿತಾಯವೂ ಲೆಕ್ಕಕ್ಕೆ ಬಂದು, ಎನ್ನುವುದು ಹೆಚ್ಚಿನವರ ವಾದ. ಗ್ರಾಫ್‌ನಲ್ಲಿ ಮಾತ್ರ ಇಬ್ಬರೂ ಪಕ್ಕಪಕ್ಕ ಕೂರುತ್ತಾರೆ. ಬುಕ್ನೆರಾ ಇಲ್ಲದ ಗ್ರಾಫ್ ತಂದರೆ ನಾನು ಚಹಾ ಕೊಡುವುದಿಲ್ಲ.

ಲ್ಯಾಪ್‌ಟಾಪೋ, ಸರ್ವರೋ?

ಸಿದ್ಧ ಜೀನೋಮ್‌ಗಳ ಹೋಲಿಕೆಗೆ 16 ಜಿಬಿ ಮೆಮರಿಯ ಲ್ಯಾಪ್‌ಟಾಪ್ ಧಾರಾಳ ಸಾಕು. ಐವತ್ತು ಪ್ರೋಕ್ಲೋರೋಕಾಕಸ್ ಜೀನೋಮ್‌ಗಳಿಗೆ ಆರ್ಥೋಫೈಂಡರ್ ಹಚ್ಚಿ ಮಲಗಿದರೆ ಬೆಳಗ್ಗೆ ಮುಗಿದಿರುತ್ತದೆ, ಕರೆಂಟ್ ಹೋಗದಿದ್ದರೆ. ಜೂನ್ ಮೊದಲ ಮಳೆಗೆ ನಮ್ಮ ಬೀದಿಯಲ್ಲಿ ಖಂಡಿತ ಹೋಗುತ್ತದೆ. ಕಮಾಂಡ್ ಟೈಪ್ ಮಾಡಲು ಭಯ ಇದ್ದರೆ ಗ್ಯಾಲಕ್ಸಿ ಅಥವಾ ಕೆಬೇಸ್ ಜಾಲತಾಣ, ಎರಡೂ ಪುಕ್ಕಟೆ. ನೀರಿನ ಡೇಟಾದಿಂದ ಹೊಸದಾಗಿ ಮ್ಯಾಗ್ ಕಟ್ಟುತ್ತೀರಾದರೆ ಮಾತ್ರ ದೊಡ್ಡ ಯಂತ್ರ ಬೇಕು, ನೂರಾರು ಜಿಬಿ ಮೆಮರಿ ಕೇಳುತ್ತದೆ. ನಿಮ್ಮ ಗೈಡ್‌ಗೆ ಪುಣೆಯ ಐಸರ್‌ನವರ ಜೊತೆ ಕೆಲಸ ಇದ್ದರೆ ಅಲ್ಲಿ ಪರಮ್ ಬ್ರಹ್ಮ ಎಂಬ ಸೂಪರ್‌ಕಂಪ್ಯೂಟರ್ ಇದೆ, ಕೇಳಿ ನೋಡಿ. ಇಲ್ಲದಿದ್ದರೆ ಕಟ್ಟುವ ಹುಚ್ಚು ಬಿಡಿ. ತಾರಾ ಓಷನ್ಸ್ ಹಡಗು 2009ರಿಂದ 2013ರವರೆಗೆ ಸುತ್ತಿ ತಂದ ನೀರಿನಿಂದಲೇ ನಾಲ್ಕು ಕೋಟಿ ಜೀನ್‌ಗಳ ಪಟ್ಟಿ 2015ರಲ್ಲಿ ಬಂದಿದೆ. ಹಿಂದೂ ಮಹಾಸಾಗರದ ನೀರೂ ಅದರಲ್ಲಿದೆ. ಒಂದು ಜನ್ಮಕ್ಕೆ ಸಾಕು.

ಹಾಗಾದರೆ ನೀವು ಯಾವುದು?

ನಾಲ್ಕು ತಿಂಗಳ ಎಂಎಸ್ಸಿ ಪ್ರಾಜೆಕ್ಟ್, ಕೈಯಲ್ಲಿ ಲ್ಯಾಪ್‌ಟಾಪ್ ಮಾತ್ರ: ಸಿದ್ಧ ಜೀನೋಮ್‌ಗಳು, ಒಂದೇ ಪ್ರೋಟೀನ್ ಕುಟುಂಬ, ಒಂದು ವಂಶವೃಕ್ಷ. ಇಡೀ ಜೀನೋಮ್ ಹೋಲಿಕೆಯ ಆಸೆ ಬೇಡ. ಪ್ಲೇಟು, ಪಿಪೆಟ್ಟು ಇರುವ ಕಾಲೇಜಿನವರು ಮತ್ತು ಸಿಗಡಿ ಕೃಷಿಯವರ ಪರಿಚಯ ಇರುವವರು ವಿಬ್ರಿಯೋ ಹಿಡಿಯಿರಿ, ಹತ್ತಿರದ ನೆಂಟರು, ಮ್ಯಾಕ್‌ಡೊನಾಲ್ಡ್-ಕ್ರೈಟ್‌ಮನ್. ಪಿಎಚ್‌ಡಿಗೆ ಕೂತವರು ಪ್ರೋಕ್ಲೋರೋಕಾಕಸ್ ಅಥವಾ ಸಾರ್ 11, ಬೆಳೆಸಿದ ತಳಿಗಳನ್ನು ಬೆನ್ನೆಲುಬಾಗಿ ಇಟ್ಟುಕೊಂಡು ಅದರ ಸುತ್ತ ಸ್ಯಾಗ್‌ಗಳು. ಬರೀ ಮ್ಯಾಗ್ ಮೇಲೆ ಇಡೀ ಪಿಎಚ್‌ಡಿ ನಿಲ್ಲಿಸಬೇಡಿ. ನಮ್ಮ ಕರಾವಳಿಯದೇ ಕಥೆ ಬೇಕು ಅನ್ನುವವರಿಗೆ ಆಮ್ಲಜನಕ ಬತ್ತಿದ ನೀರಿನ ನೈಟ್ರೈಟ್ ಕಿಣ್ವಗಳಿವೆ, ಆದರೆ ತಾಮ್ರದ್ದು ಬೇರೆ ಮರ, ಹೀಮ್‌ದು ಬೇರೆ ಮರ.

ಈ ಸಲ ಅಂಕೋಲಾದ ಹುಡುಗಿಯೊಬ್ಬಳು ಬಂದಿದ್ದಾಳೆ. ಪ್ರೋಟಿಯೋರೊಡಾಪ್ಸಿನ್ ತಗೊಂಡಳು. ಡೇಟಾಬೇಸ್‌ನಿಂದ ಇನ್ನೂರು ಚಿಲ್ಲರೆ ಅನುಕ್ರಮ ಇಳಿಸಿ, ಅಲೈನ್ ಮಾಡಿ, 105ನೇ ಕಂಬಸಾಲಿಗೆ ಹಳದಿ ಬಣ್ಣ ಬಳಿದು ಮೊನ್ನೆ ತೋರಿಸಿದಳು. ಲ್ಯೂಸಿನ್, ಲ್ಯೂಸಿನ್, ಗ್ಲುಟಮಿನ್, ಲ್ಯೂಸಿನ್. ಕೆಳಗೆ ಹೋದ ಹಾಗೆ ಒಂದು ಗುಂಪಿನಲ್ಲಿ ಸಾಲಾಗಿ ಮೆಥಿಯೋನಿನ್.

"ಅಕ್ಕಾ, ಇದು ಎಲ್ಲಿಂದ ಬಂತು? ನೀವು ಎರಡೇ ಅಂದಿದ್ರಿ."

ಅವು ಫ್ಲೇವೋಬ್ಯಾಕ್ಟೀರಿಯಾ. ಅವುಗಳಲ್ಲಿ ಮೆಥಿಯೋನಿನ್ ಇದ್ದೂ ಹಸಿರೇ ಹೀರುತ್ತವೆ. ಕೋಡ್ ಬರೆದು ನೋಡು ಅಂದೆ. ಪೇಪರಿನ ಅಂಚಿನಲ್ಲಿ ಬರೆದಳು. ಲ್ಯೂಸಿನ್‌ನ ಸಿ-ಟಿ-ಜಿ ಇಂದ ಮೆಥಿಯೋನಿನ್‌ನ ಎ-ಟಿ-ಜಿ ಒಂದು ಹೆಜ್ಜೆ. ಗ್ಲುಟಮಿನ್‌ನ ಸಿ-ಎ-ಜಿ ಇಂದ ಎರಡು. ಆದರೂ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮರ ಹಾಕದೆ ಹೇಳಲಾಗುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಶನಿವಾರ ಬಾ ಅಂದಿದ್ದೇನೆ.